ಮಗು ಎನ್‌ಐಸಿಯುನಲ್ಲಿದೆ ಅಂತ ಫೋನ್ ಬಂದಾಗ: ಹತ್ತಿರದವರು ಮಾಡಬಹುದಾದ ಕೆಲಸಗಳು

ನಮ್ಮ ಅಕ್ಕನ ಎರಡನೇ ಮಗು 29 ವಾರಕ್ಕೇ ಹುಟ್ಟಿತು. ತೂಕ 1,150 ಗ್ರಾಂ. ದಾವಣಗೆರೆಯಲ್ಲಿ ಸಿಸೇರಿಯನ್ ಆಯಿತು, ಅದೇ ರಾತ್ರಿ ಮಗುವನ್ನು ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದರು. ಭಾವ ಮಗುವಿನ ಜೊತೆ ಹೋದರು. ಅಕ್ಕ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ದಾವಣಗೆರೆಯ ವಾರ್ಡಿನಲ್ಲಿ ಮಲಗಿದ್ದಳು, ಮಗುವಿನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆಮೇಲೆ 52 ದಿನ ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿತ್ತು.

ಆ 52 ದಿನ ನಾವು ಅತಿ ಜಾಸ್ತಿ ಕೇಳಿದ ಮಾತು, "ಏನಾದ್ರೂ ಬೇಕಾದ್ರೆ ಹೇಳಿ." ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಹೊತ್ತಿನಲ್ಲಿ ಏನು ಬೇಕು ಅಂತ ಯೋಚಿಸುವ ತಲೆಯೇ ಇರುವುದಿಲ್ಲ. ಯಾರನ್ನಾದರೂ ಕೇಳೋಣ ಅಂದರೆ ಸಂಕೋಚ. ಅಕ್ಕನ ಮನೆಯ ಎದುರಿನ ಆಂಟಿ ಮಾತ್ರ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಬಂದು ಅಕ್ಕನ ದೊಡ್ಡ ಮಗನಿಗೆ ಶೂ ಹಾಕಿಸಿ, ತಮ್ಮ ಮೊಮ್ಮಗಳ ಜೊತೆ ಸ್ಕೂಲಿಗೆ ಬಿಟ್ಟು ಬಂದರು. 52 ದಿನವೂ ಬಿಟ್ಟರು. ನಾನು ಈ ಲೇಖನ ಬರೆಯುತ್ತಿರುವುದು ಅಂಥ ಒಂದು ಕೆಲಸ ಹಿಡಿಯಲು ಮನಸ್ಸಿರುವವರಿಗೆ.

ಮೊದಲು ಒಂದು ಕೆಲಸ ಆರಿಸಿಕೊಳ್ಳಿ

ಸುದ್ದಿ ಕೇಳಿದ ತಕ್ಷಣ ಓಡಿಹೋಗಬೇಡಿ. ಎನ್‌ಐಸಿಯು ಒಳಗೆ ಸಾಮಾನ್ಯವಾಗಿ ಅಪ್ಪ ಅಮ್ಮನನ್ನು ಬಿಟ್ಟು ಬೇರೆಯವರನ್ನು ಬಿಡುವುದಿಲ್ಲ. ಹತ್ತು ಜನ ಹೋಗಿ ಹೊರಗೆ ನಿಂತರೆ ಆ ಹತ್ತು ಜನರಿಗೂ ಕಾಫಿ ತಂದುಕೊಡುವ ಕೆಲಸ ಮಗುವಿನ ಅಪ್ಪನ ತಲೆ ಮೇಲೆ ಬೀಳುತ್ತದೆ. ನಮ್ಮ ಭಾವನಿಗೆ ಮೊದಲ ಎರಡು ದಿನ ಆಗಿದ್ದು ಅದೇ.

ಅದರ ಬದಲು ಕೂತು ಯೋಚಿಸಿ, ನನ್ನ ಕೈಯಲ್ಲಿ ದಿನಾ ಆಗುವ ಕೆಲಸ ಯಾವುದು? ಮಧ್ಯಾಹ್ನದ ಊಟ, ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದು, ದೊಡ್ಡ ಮಗುವಿನ ಸ್ಕೂಲು, ಊರಿನ ಮನೆಯಲ್ಲಿ ಹಸುವಿನ ಹಾಲು ಕರೆಯುವುದು, ಕರೆಂಟ್ ಬಿಲ್, ರಕ್ತ ಕೊಡುವವರನ್ನು ಹುಡುಕುವುದು, ಜೆರಾಕ್ಸ್ ಮತ್ತು ಕಚೇರಿ ಓಡಾಟ, ಯಾವುದಾದರೂ ಸರಿ. ಆರಿಸಿಕೊಂಡ ಮೇಲೆ ಕೇಳಬೇಡಿ, ತಿಳಿಸಿ: "ನಾಳೆಯಿಂದ ಮಧ್ಯಾಹ್ನದ ಊಟ ನಾನು ತರ್ತೀನಿ, ಒಂದು ಗಂಟೆಗೆ ಗೇಟ್ ಹತ್ತಿರ ಇರ್ತೀನಿ, ನೀವು ಬರದಿದ್ರೆ ಸೆಕ್ಯುರಿಟಿ ಹತ್ತಿರ ಕೊಟ್ಟು ಹೋಗ್ತೀನಿ." ಇಷ್ಟು ಹೇಳಿದರೆ ಅವರು ಯೋಚಿಸಬೇಕಾದ ಒಂದು ವಿಷಯ ಕಡಿಮೆ ಆಯಿತು. ನಿಮಗೆ ಆಗದ ದಿನ ಇದ್ದರೆ ಎರಡು ದಿನ ಮುಂಚೆ ಹೇಳಿ, ನಿಮ್ಮ ಬದಲು ಇನ್ನೊಬ್ಬರನ್ನು ನೀವೇ ಹುಡುಕಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೇ ವಾರಕ್ಕೆ ಯಾರೂ ಇರುವುದಿಲ್ಲ, ಕಷ್ಟ ಆಗುವುದು ಆಗಲೇ.

ಫೋನು, ಸ್ಟೇಟಸ್, ಮತ್ತೆ ಕೇಳಬಾರದ ಪ್ರಶ್ನೆಗಳು

ಸುದ್ದಿ ಹೇಳುವ ಕೆಲಸವನ್ನು ಮನೆಯವರಲ್ಲೇ ಒಬ್ಬರು ವಹಿಸಿಕೊಳ್ಳಬೇಕು. ನಮ್ಮಲ್ಲಿ ಅದು ನನ್ನ ಪಾಲಿಗೆ ಬಂತು. ದಿನಾ ಸಂಜೆ ಏಳಕ್ಕೆ ಭಾವನ ಹತ್ತಿರ ಒಂದೇ ಸಲ ವಿಷಯ ಕೇಳಿ, ನೆಂಟರ ಗುಂಪಿನಲ್ಲಿ ನಾಲ್ಕು ಸಾಲು ಹಾಕುತ್ತಿದ್ದೆ. ತೂಕ ಇಷ್ಟು, ಹಾಲು ಇಷ್ಟು, ಡಾಕ್ಟರ್ ಹೇಳಿದ್ದು ಇದು, ದಯವಿಟ್ಟು ಭಾವನಿಗೆ ಅಕ್ಕನಿಗೆ ಫೋನ್ ಮಾಡಬೇಡಿ. ಇದು ಶುರುವಾದ ಮೇಲೆ ಭಾವ ಫೋನ್ ಸೈಲೆಂಟ್ ಮಾಡದೆ ಇರುವ ಹಾಗಾಯಿತು. ಯಾಕೆಂದರೆ ಎನ್‌ಐಸಿಯುನಿಂದ ಯಾವಾಗ ಬೇಕಾದರೂ ಕರೆ ಬರಬಹುದು, ಆ ಕರೆ ತಪ್ಪಬಾರದು.

ಫೋಟೋ ವಿಷಯದಲ್ಲಿ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಭಾವ ನಮ್ಮಮ್ಮನಿಗೆ ಅಂತ ಕಳಿಸಿದ ಒಂದು ಫೋಟೋ ಕೈಯಿಂದ ಕೈಗೆ ಹೋಗಿ, ನೆಂಟರೊಬ್ಬರು ಅದನ್ನು "ಎಲ್ಲರೂ ಪ್ರಾರ್ಥಿಸಿ" ಅಂತ ಸ್ಟೇಟಸ್‌ಗೆ ಹಾಕಿದರು. ಮೂಗಿಗೆ ಟ್ಯೂಬು, ಎದೆಗೆ ವೈರು, ಬೆರಳಿನಷ್ಟು ದಪ್ಪದ ಕಾಲು. ಅಕ್ಕ ತನ್ನ ಮಗುವನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಬೇರೆಯವರ ಸ್ಟೇಟಸ್‌ನಲ್ಲಿ. ಪಕ್ಕದಲ್ಲಿ ನಾನಿದ್ದೆ, ಅವಳು ಅಳಲಿಲ್ಲ, ಫೋನನ್ನು ದಿಂಬಿನ ಕೆಳಗೆ ಇಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ನಿಮಗೆ ಫೋಟೋ ಬಂದರೆ ನಿಮ್ಮಲ್ಲೇ ಇರಲಿ. ಅಪ್ಪ ಅಮ್ಮ ಹಾಕದ ಫೋಟೋ ಬೇರೆ ಯಾರೂ ಹಾಕಬಾರದು.

ಮಾತಿನ ವಿಷಯಕ್ಕೆ ಬಂದರೆ, "ಉಳಿಯುತ್ತಾ?" ಅಂತ ಕೇಳಬೇಡಿ. "ಭಾರ ಎತ್ತಿದ್ಯಾ?", "ಪಪ್ಪಾಯ ತಿಂದಿದ್ಯಾ?", "ಗ್ರಹಣದ ದಿನ ಹೊರಗೆ ಬಂದಿದ್ಯಾ?" ಇವು ಪ್ರಶ್ನೆಯ ಹಾಗೆ ಕಂಡರೂ ತಾಯಿಗೆ ಕೇಳಿಸುವುದು "ನಿನ್ನಿಂದಲೇ ಹೀಗಾಯಿತು" ಅಂತ. ಅವಧಿಗೆ ಮುಂಚೆ ಹೆರಿಗೆ ಆಗುವುದಕ್ಕೆ ಬಿಪಿ, ಸೋಂಕು, ನೀರು ಒಡೆಯುವುದು ಹೀಗೆ ಕಾರಣ ಹಲವು, ಎಷ್ಟೋ ಸಲ ಡಾಕ್ಟರಿಗೂ ಕಾರಣ ಸಿಗುವುದಿಲ್ಲ. "ನಮ್ಮ ಪಕ್ಕದ ಮನೆಯವರ ಮಗು ಒಂಬೈನೂರು ಗ್ರಾಂ ಇತ್ತು, ಈಗ ಇಂಜಿನಿಯರ್" ಅನ್ನುವ ಕಥೆಯನ್ನೂ ಮೊದಲ ವಾರ ಹೇಳಬೇಡಿ. ಏನು ಹೇಳಬೇಕು ಅಂತ ಗೊತ್ತಾಗದಿದ್ದರೆ "ಊಟ ಆಯ್ತಾ? ಇವತ್ತು ಪಾಪು ಹೇಗಿದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಂಡು ಸುಮ್ನೆ ಪಕ್ಕದಲ್ಲಿ ಕೂತಿರಿ. ಮಗು ಹುಟ್ಟಿದೆ ಅಲ್ವಾ, ಅದಕ್ಕೆ ಸಂತೋಷವನ್ನೂ ಹೇಳಿ. ಅಕ್ಕನಿಗೆ "ಹೆಣ್ಣು ಮಗು ಬಂತಲ್ಲೇ, ಕಂಗ್ರಾಟ್ಸ್" ಅಂತ ಹೇಳಿದ್ದು ಅವಳ ಹಳೆಯ ಗೆಳತಿ ಒಬ್ಬಳೇ. ಅದನ್ನು ಅವಳು ಇವತ್ತಿಗೂ ನೆನೆಯುತ್ತಾಳೆ.

ಆಸ್ಪತ್ರೆ ಬೆಂಚಿನ ಮೇಲೆ ಕೂರುವವರಿಗೆ

ಎನ್‌ಐಸಿಯು ಹೊರಗೆ ಹಗಲೂ ರಾತ್ರಿ ಒಬ್ಬರು ಇರಲೇಬೇಕಾಗುತ್ತದೆ. ರಾತ್ರಿ ಎರಡಕ್ಕೆ ಬಾಗಿಲು ತೆರೆದು ಮಗುವಿನ ತಾಯಿಯ ಹೆಸರು ಕೂಗುತ್ತಾರೆ, ಚೀಟಿ ಕೊಡುತ್ತಾರೆ, ಮೆಡಿಕಲ್ ಶಾಪಿಗೆ ಓಡಬೇಕು. ಒಮ್ಮೊಮ್ಮೆ ರಕ್ತ, ಒಮ್ಮೊಮ್ಮೆ ಸಹಿ. ಸಹಿ ಅಪ್ಪ ಅಮ್ಮನೇ ಹಾಕಬೇಕು, ಓಡಾಟ ನೀವು ಮಾಡಬಹುದು. ಹನ್ನೆರಡು ಗಂಟೆಗೆ ಒಬ್ಬರಂತೆ ಪಾಳಿ ಹಾಕಿಕೊಳ್ಳಿ, ಅಪ್ಪನಿಗೆ ದಿನಕ್ಕೆ ಆರು ಗಂಟೆಯಾದರೂ ನಿದ್ದೆ ಸಿಗಬೇಕು. ಊರಿಂದ ಬರುವ ಹೆಂಗಸರಿಗೆ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ, ಆಧಾರ್ ಕಾರ್ಡ್ ಇಟ್ಟುಕೊಂಡರೆ ಆಯಿತು. ನಮ್ಮ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ವಾರಕ್ಕೊಬ್ಬರಂತೆ ಬಂದಿದ್ದು ಹಾಗೆ.

ಜೊತೆಗೆ ಒಂದು ಚೀಲ ಇರಲಿ. ಚಾರ್ಜರ್, ಬೆಡ್‌ಶೀಟ್, ಸ್ವೆಟರ್, ನೀರಿನ ಬಾಟಲಿ, ಸೋಪು, ಚಿಲ್ಲರೆ ದುಡ್ಡು, ಎರಡು ಪೆನ್ನು. ಜೊತೆಗೆ ಪ್ಲಾಸ್ಟಿಕ್ ಫೈಲಿನಲ್ಲಿ ಅಪ್ಪ ಅಮ್ಮನ ಆಧಾರ್, ರೇಷನ್ ಕಾರ್ಡ್, ತಾಯಿ ಕಾರ್ಡ್ ಇವುಗಳ ಐದೈದು ಜೆರಾಕ್ಸ್. ಪ್ರತಿ ಬಿಲ್ಲು, ಪ್ರತಿ ರಿಪೋರ್ಟು ಅದೇ ಫೈಲಿಗೆ ತಾರೀಖಿನ ಪ್ರಕಾರ ಹೋಗಬೇಕು. ಮುಂದೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಒಂದು ಬಿಲ್ಲು ಇಲ್ಲದೆ ಹೋದರೆ ಎಷ್ಟು ಸುತ್ತಾಡಬೇಕು ಅನ್ನುವುದು ಸುತ್ತಾಡಿದವರಿಗೇ ಗೊತ್ತು.

ಇನ್ನೊಂದು, ಇನ್ನೂರು ಪುಟದ ನೋಟ್‌ಬುಕ್. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ದಿನಕ್ಕೊಂದು ಪುಟ: ತೂಕ, ಎಷ್ಟು ಎಂಎಲ್ ಹಾಲು, ಉಸಿರಾಟಕ್ಕೆ ಏನು ಹಾಕಿದ್ದಾರೆ, ಯಾವ ಟೆಸ್ಟ್ ಆಯಿತು, ಡಾಕ್ಟರ್ ಏನಂದರು. ನಮ್ಮ ನೋಟ್‌ಬುಕ್ಕಿನ ಐದನೇ ಪುಟದಲ್ಲಿ ತೂಕ 1,040 ಅಂತ ಇದೆ, ಕೆಳಗೆ ಭಾವ ಬರೆದ ಪ್ರಶ್ನೆ, "ಯಾಕೆ ಇಳೀತಾ ಇದೆ?" ಮರುದಿನ ರೌಂಡ್ಸಿನಲ್ಲಿ ಕೇಳಿದಾಗ ಡಾಕ್ಟರ್ ಹೇಳಿದರು, ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಮೈನೀರು ಇಳಿದು ತೂಕ ಕಡಿಮೆಯಾಗುವುದು ಸಹಜ, ಆಮೇಲೆ ಏರುತ್ತದೆ ಅಂತ. ಹನ್ನೆರಡನೇ ಪುಟದಲ್ಲಿ 1,160 ಇದೆ, ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ದಿನಕ್ಕೆ ಮೂರು ಸಾಕು. ಡಾಕ್ಟರ್ ಎದುರಿಗೆ ನಿಂತಾಗ ಎಲ್ಲಾ ಮರೆತುಹೋಗುತ್ತದೆ. ಅರ್ಥ ಆಗದಿದ್ದರೆ "ಕನ್ನಡದಲ್ಲಿ ಇನ್ನೊಂದು ಸಲ ಹೇಳಿ" ಅಂತ ಕೇಳುವುದಕ್ಕೆ ಹಿಂಜರಿಯಬೇಡಿ. ಸಿಸ್ಟರ್‌ಗಳಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇರುತ್ತಾರೆ.

ಕೆಲವು ಪದಗಳು ದಿನಾ ಕಿವಿಗೆ ಬೀಳುತ್ತವೆ. ವೆಂಟಿಲೇಟರ್ ಅಂದರೆ ಗಂಟಲಿಗೆ ಟ್ಯೂಬ್ ಹಾಕಿ ಮೆಷಿನ್ ಉಸಿರಾಡಿಸುವುದು. ಸಿಪ್ಯಾಪ್‌ನಲ್ಲಿ ಮಗು ತಾನೇ ಉಸಿರಾಡುತ್ತಿರುತ್ತದೆ, ಮೂಗಿನಿಂದ ಒತ್ತಡದ ಗಾಳಿ ಕೊಟ್ಟು ಶ್ವಾಸಕೋಶ ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತಾರೆ. ಅಪ್ನಿಯಾ ಅಂದರೆ ಅವಧಿಗೆ ಮುಂಚೆ ಹುಟ್ಟಿದ ಮಗು ಉಸಿರಾಡುವುದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿಬಿಡುವುದು. ಸೆಪ್ಸಿಸ್ ಅಂದರೆ ಸೋಂಕು ಮೈಯೆಲ್ಲಾ ಹರಡಿ ಮಗುವಿನ ಸ್ಥಿತಿ ಗಂಭೀರವಾಗುವುದು. ಇಷ್ಟು ಗೊತ್ತಿದ್ದರೂ ರಾತ್ರಿಯ ಫೋನಿಗೆ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ.

ರಕ್ತ ಕೊಡುವವರ ಪಟ್ಟಿಯನ್ನು ಮೊದಲ ದಿನವೇ ಮಾಡಿಡಿ. 18ರಿಂದ 65 ವರ್ಷ, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಎಲ್ಲರೂ ಒಂದೇ ದಿನ ಕೊಟ್ಟುಬಿಡಬೇಡಿ, ಒಮ್ಮೆ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು.

ಬಾಣಂತಿಯೂ ರೋಗಿಯೇ

ಎಲ್ಲರ ಕಣ್ಣು ಗಾಜಿನ ಪೆಟ್ಟಿಗೆಯ ಮೇಲೆ ಇರುತ್ತದೆ. ಹೆತ್ತವಳ ಹೊಟ್ಟೆಯ ಮೇಲೆ ಹಸಿ ಹೊಲಿಗೆ ಇದೆ ಅನ್ನುವುದು ಮರೆತೇ ಹೋಗುತ್ತದೆ. ಅಕ್ಕ ಐದನೇ ದಿನ ಬೆಂಗಳೂರಿಗೆ ಬಂದಳು, ಬಂದವಳು ಎನ್‌ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಇಡೀ ದಿನ ಕೂರುತ್ತಿದ್ದಳು. ಕಾಲು ಊದಿಕೊಂಡವು. ನೋಡಿ ಗದರಿದ್ದು ಒಬ್ಬ ಆಯಾ, ಒಂದು ರಟ್ಟಿನ ಪೆಟ್ಟಿಗೆ ತಂದು ಕಾಲ ಕೆಳಗೆ ಇಟ್ಟವರೂ ಅವರೇ.

ಆದ್ದರಿಂದ ಒಬ್ಬರು ತಾಯಿಯನ್ನು ಮಾತ್ರ ನೋಡಿಕೊಳ್ಳಿ. ಬಿಸಿ ಊಟ, ಮಾತ್ರೆ, ನೀರು, ಮಧ್ಯಾಹ್ನ ಎರಡು ಗಂಟೆ ಮಲಗಲು ಆಸ್ಪತ್ರೆ ಹತ್ತಿರ ಒಂದು ಜಾಗ. ಜ್ವರ, ಒಂದೇ ಸಮನೆ ರಕ್ತ ಹೋಗುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಹೊಲಿಗೆಯಿಂದ ಕೀವು ಬರುವುದು ಕಂಡರೆ ಅವಳನ್ನೇ ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. "ಬಾಣಂತಿ ಹೀಗೆ ತಲೆಗೆ ಬಟ್ಟೆ ಕಟ್ಟದೆ ಗಾಳಿಗೆ ಓಡಾಡ್ತಾಳಾ" ಅನ್ನುವ ಮಾತು ಬೇಡ. ಎರಡು ವಾರ ಆದಮೇಲೂ ಅವಳು ಊಟ ಬಿಟ್ಟು, ಯಾರ ಜೊತೆಯೂ ಮಾತಾಡದೆ, ಮಗುವನ್ನು ನೋಡಲೂ ಹೋಗದೆ ಕೂತಿದ್ದರೆ ಸೋಮಾರಿತನ ಅಂದುಕೊಳ್ಳಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಪ್ಪನಿಗೂ ಅದೇ ನಂಬರ್. ಗಂಡಸರು ಅಳುವುದನ್ನು ಯಾರೂ ನೋಡುವುದಿಲ್ಲ, ಹಾಗಂತ ಅವರು ಅಳುವುದಿಲ್ಲ ಅಂತಲ್ಲ.

ಹಾಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಷ್ಟು ಚಿಕ್ಕ ಮಗು ಬಾಯಿಂದ ಚೀಪುವುದಿಲ್ಲ, ಟ್ಯೂಬಿನಿಂದ ಹೋಗುತ್ತದೆ, ಆಮೇಲೆ ಒಳಲೆಗೆ ಬರುತ್ತದೆ. ಆದರೆ ತಾಯಿಯ ಹಾಲಿನಷ್ಟು ಒಳ್ಳೆಯ ಔಷಧಿ ಅದಕ್ಕೆ ಬೇರೆ ಇಲ್ಲ, ಕರುಳಿನ ಸೋಂಕು ತಡೆಯುವುದು ಈ ಹಾಲೇ. ಹೆರಿಗೆಯಾದ ಕೆಲವೇ ಗಂಟೆಯೊಳಗೆ ಹಿಂಡಲು ಶುರು ಮಾಡಬೇಕು, ದಿನಕ್ಕೆ ಎಂಟು ಸಲವಾದರೂ, ರಾತ್ರಿ ಒಂದು ಸಲ ಸೇರಿ. ದಾವಣಗೆರೆಯಲ್ಲಿ ಮೊದಲ ದಿನ ಹಿರಿಯ ಸಿಸ್ಟರ್ ಒಬ್ಬರು ಇಪ್ಪತ್ತು ನಿಮಿಷ ಕೂತು ಕೈಯಿಂದ ಹಿಂಡಿಸಿದರು, ಬಂದಿದ್ದು ಅರ್ಧ ಚಮಚ, ಜೇನಿನ ಬಣ್ಣದ ಗಿಣ್ಣು ಹಾಲು. ಅಕ್ಕ "ಇಷ್ಟೇನಾ" ಅಂದಳು. ಸಿಸ್ಟರ್ ಅದನ್ನು ಸಿರಿಂಜಿಗೆ ಎಳೆದು ಬೆಳಕಿಗೆ ಹಿಡಿದು, "ನಿನ್ನ ಮಗಳ ಹೊಟ್ಟೆ ನೆಲ್ಲಿಕಾಯಿಗಿಂತ ಚಿಕ್ಕದಮ್ಮ" ಅಂದರು. ಆ ಸಿರಿಂಜನ್ನು ಐಸ್ ಡಬ್ಬಿಯಲ್ಲಿಟ್ಟು ನಮ್ಮ ತಮ್ಮ ಬೆಳಗಿನ ರೈಲಿಗೆ ಬೆಂಗಳೂರಿಗೆ ಒಯ್ದ. ಮಗುವಿನ ಬಾಯಿಗೆ ಮೊದಲು ಬಿದ್ದ ಹನಿ ಅದು.

ಇದರಲ್ಲಿ ಬೇರೆಯವರು ಮಾಡುವ ಕೆಲಸ ಬಹಳ ಇದೆ. ಪಂಪಿನ ಭಾಗಗಳನ್ನು ತೊಳೆದು ಕುದಿಸುವುದು, ಡಬ್ಬಿಯ ಮೇಲೆ ತಾಯಿಯ ಹೆಸರು, ತಾರೀಖು, ಗಂಟೆ ಬರೆದು ಅಂಟಿಸುವುದು, ರೂಮಿನಿಂದ ಎನ್‌ಐಸಿಯುಗೆ ತಣ್ಣಗೆ ಒಯ್ಯುವುದು, ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಅವಳ ಜೊತೆ ಎದ್ದು ಕೂರುವುದು. ಎಷ್ಟು ಹೊತ್ತು ಇಡಬಹುದು, ಯಾವ ಡಬ್ಬಿ ಅನ್ನುವುದನ್ನು ಆ ಎನ್‌ಐಸಿಯು ಸಿಸ್ಟರ್ ಹೇಳಿದ ಹಾಗೇ ಮಾಡಿ. ಹಾಲು ಬರದಿದ್ದರೆ "ನಿಂಗೆ ಹಾಲೇ ಇಲ್ಲ" ಅನ್ನಬೇಡಿ, ಚಿಂತೆಗೆ ಹಾಲು ಇನ್ನೂ ತಡೆಯುತ್ತದೆ. ತಾಯಿಹಾಲಿನ ಬ್ಯಾಂಕ್ ಇರುವ ಆಸ್ಪತ್ರೆಗಳಿವೆ, ಬೆಂಗಳೂರಿನ ವಾಣಿವಿಲಾಸದಲ್ಲೂ ಇದೆ, ಡಾಕ್ಟರನ್ನು ಕೇಳಬಹುದು.

ದುಡ್ಡು

ಸಂಕೋಚ ಬಿಟ್ಟು ಮಾತಾಡೋಣ. ಎನ್‌ಐಸಿಯು ಬಿಲ್ಲು ಮನೆ ಮುಳುಗಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಔಷಧಿ, ಟೆಸ್ಟು, ರಕ್ತ, ಆಸ್ಪತ್ರೆಗೆ ಹೋಗಿಬರುವ ವಾಹನ ಎಲ್ಲಾ ಉಚಿತ, 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದೆಲ್ಲ ಬರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುಗಳಿಗೇ ಅಂತ ಎಸ್‌ಎನ್‌ಸಿಯು ಇದೆ. ಖಾಸಗಿಗೆ ಓಡುವ ಮುಂಚೆ ಅಲ್ಲಿ ಜಾಗ ಇದೆಯಾ ಕೇಳಿ. ಬೆಂಗಳೂರಿನಲ್ಲಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಹೃದಯದ ತೊಂದರೆಗೆ ಜಯದೇವ, ಅದು ಮೈಸೂರು ಮತ್ತು ಕಲಬುರಗಿಯಲ್ಲೂ ಇದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಇದ್ದರೆ ಇಲ್ಲದೆಯೂ ನಡೆಯುತ್ತದೆ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅಡ್ಮಿಟ್ ಆದ ದಿನವೇ ಅವರನ್ನು ಹುಡುಕಿ. ನಾವು ತಡ ಮಾಡಿದೆವು. ಕ್ಯಾಷ್ ಕೌಂಟರಿನಲ್ಲಿ ಡೆಪಾಸಿಟ್ ಕಟ್ಟಿ ಅಂದರು, ಕಟ್ಟಿದೆವು, ಇಂಥ ಯೋಜನೆ ಇದೆ ಅಂತ ಒಬ್ಬರೂ ಹೇಳಲಿಲ್ಲ. ನಾಲ್ಕನೇ ದಿನ ಪಕ್ಕದ ಮಗುವಿನ ಅಜ್ಜ ಹೇಳಿದ ಮೇಲೆ ಗೊತ್ತಾಗಿದ್ದು. ಓಡಾಟಕ್ಕೆ ಒಬ್ಬರು ಬೇಕು ಅಂದೆನಲ್ಲ, ಈ ಕೆಲಸಕ್ಕೇ. ಕಚೇರಿ ಕೆಲಸ ಗೊತ್ತಿರುವ ಮಾವನೋ ಮೇಷ್ಟ್ರೋ ಇದ್ದರೆ ಅವರಿಗೆ ಒಪ್ಪಿಸಿ. ಏನೂ ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು, ಬಿಲ್ಲು ಮತ್ತು ಆಸ್ಪತ್ರೆಯ ಅಂದಾಜು ಪಟ್ಟಿ ಬೇಕು. ಎಮ್ಮೆಲ್ಲೆ ಕಚೇರಿಯವರು ಸಾಮಾನ್ಯವಾಗಿ ದಾರಿ ತೋರಿಸುತ್ತಾರೆ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ, ಹೆಸರಿಡದಿದ್ದರೂ ನೋಂದಣಿ ಆಗುತ್ತದೆ, ಹೆಸರು ಆಮೇಲೆ ಸೇರಿಸಬಹುದು.

ನೀವೇ ದುಡ್ಡು ಕೊಡುವುದಾದರೆ ನೇರವಾಗಿ ಅಕೌಂಟಿಗೆ ಹಾಕಿ "ಇದು ವಾಪಸ್ ಬೇಡ" ಅಂತ ಒಂದು ಮೆಸೇಜ್ ಹಾಕಿ. ಸಾಲವಾದರೆ ಅದನ್ನೂ ಬಾಯಿಬಿಟ್ಟು ಹೇಳಿ, ಯಾವಾಗ ಬೇಕು ಅಂತಲೂ ಹೇಳಿ. ಬೆಳ್ಳಿ ಕಾಲ್ಗೆಜ್ಜೆ, ತೊಟ್ಟಿಲು, ಫ್ರಾಕು ಇವೆಲ್ಲ ಮನೆಗೆ ಬಂದ ಮೇಲೆ ತನ್ನಿ.

ಮನೆಯಲ್ಲಿ ಉಳಿದ ದೊಡ್ಡ ಮಗು

ಅಕ್ಕನ ಮಗನಿಗೆ ಆಗ ಐದು ವರ್ಷ. ಅಮ್ಮ ಎಲ್ಲಿ ಅಂತ ಕೇಳಿದರೆ ಎಲ್ಲರೂ "ನಾಳೆ ಬರ್ತಾಳೆ" ಅನ್ನುತ್ತಿದ್ದರು. ಹತ್ತು ನಾಳೆ ಆದಮೇಲೆ ಅವನು ಕೇಳುವುದನ್ನೇ ಬಿಟ್ಟ, ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದ. ಸುಳ್ಳು ಹೇಳಬೇಡಿ. "ಪಾಪು ತುಂಬಾ ಚಿಕ್ಕದಾಗಿ ಹುಟ್ಟಿದೆ, ದೊಡ್ಡದಾಗೋವರೆಗೂ ಡಾಕ್ಟರ್ ನೋಡ್ಕೊಳ್ತಾರೆ, ಅಮ್ಮ ಹಾಲು ಕೊಡೋಕೆ ಅಲ್ಲಿದ್ದಾಳೆ, ನಿನ್ನಿಂದ ಏನೂ ಆಗಿಲ್ಲ." ಇಷ್ಟು ಸಾಕು. ದಿನಾ ಒಂದೇ ಹೊತ್ತಿಗೆ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡಿಸಿ. ಅವನನ್ನು ಮನೆಯಿಂದ ಮನೆಗೆ ಸಾಗಿಸಬೇಡಿ, ಅವನ ಹಾಸಿಗೆಯಲ್ಲೇ ಮಲಗಲಿ, ಜೊತೆಗೆ ಇರುವವರು ಅಲ್ಲಿಗೇ ಬರಲಿ.

ಎದೆಗಪ್ಪಿಕೊಳ್ಳುವ ಹೊತ್ತು

ಮಗು ಸ್ವಲ್ಪ ಸುಧಾರಿಸಿದ ಮೇಲೆ, ಕೆಲವು ಕಡೆ ಮೊದಲ ದಿನದಿಂದಲೇ, ಕಾಂಗರೂ ಆರೈಕೆ ಮಾಡಿಸುತ್ತಾರೆ. ಡೈಪರ್, ಟೋಪಿ ಮಾತ್ರ ಹಾಕಿದ ಮಗುವನ್ನು ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ ಬಟ್ಟೆಯಿಂದ ಕಟ್ಟುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ ಇದು, ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಜಾರಿಗೆ ತಂದು ಅಧ್ಯಯನ ಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅನ್ನುತ್ತದೆ. ಒಬ್ಬ ತಾಯಿಯಿಂದ ಅಷ್ಟು ಆಗುತ್ತದಾ? ಅಪ್ಪ, ಅಜ್ಜಿ, ಅತ್ತೆ, ಯಾರು ಬೇಕಾದರೂ ಮಾಡಬಹುದು, ಆಸ್ಪತ್ರೆಯವರು ಒಪ್ಪಬೇಕು, ಅಷ್ಟೇ. ಸ್ನಾನ ಮಾಡಿ, ಸೆಂಟು ಪೌಡರ್ ಹಾಕದೆ, ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೊಂಡು ಹೋಗಿ. ನೆಗಡಿ, ಕೆಮ್ಮು, ಚರ್ಮದ ತೊಂದರೆ ಇದ್ದರೆ ಬೇಡ. ಭಾವ ಮೊದಲ ಸಲ ಕೂತಾಗ ಒಂದು ಗಂಟೆ ಅಲುಗಾಡಲಿಲ್ಲ, ಕೈ ಜೋಮು ಹಿಡಿದಿತ್ತು. ಮಾನಿಟರ್‌ನಲ್ಲಿ ಆಕ್ಸಿಜನ್ 91ರಿಂದ 96ಕ್ಕೆ ಏರಿದ್ದನ್ನು ಅವರೇ ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆಯಿತು ಅಂದ ಕೂಡಲೇ ಎಲ್ಲರಿಗೂ ನೋಡುವ ಆಸೆ. ದಯವಿಟ್ಟು ತಡೆದುಕೊಳ್ಳಿ. ಆ ಮಗುವಿಗೆ ನಿಮ್ಮ ಸಣ್ಣ ನೆಗಡಿಯೂ ವಾಪಸ್ ಆಸ್ಪತ್ರೆಯ ದಾರಿ. ಹೋಗಲೇಬೇಕಾದರೆ ಕೈ ಸೋಪಿನಲ್ಲಿ ತೊಳೆದು, ದೂರದಿಂದ ನೋಡಿ, ಮುತ್ತು ಕೊಡದೆ ಹತ್ತು ನಿಮಿಷಕ್ಕೆ ಎದ್ದು ಬನ್ನಿ. ನಾಮಕರಣ, ತೊಟ್ಟಿಲ ಶಾಸ್ತ್ರ ಎರಡು ಮೂರು ತಿಂಗಳು ಮುಂದೆ ಹೋದರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದನ್ನು ಹೇಳುವ ಕೆಲಸ ಮನೆಯ ಹಿರಿಯರದ್ದು. ಸೊಸೆ ಬಾಯಲ್ಲಿ ಹೇಳಿಸಬೇಡಿ, ಅಜ್ಜಿಯೋ ದೊಡ್ಡಪ್ಪನೋ ಬಾಗಿಲಲ್ಲಿ ನಿಂತು ಹೇಳಿದರೆ ಯಾರಿಗೂ ಬೇಸರ ಇಲ್ಲ.

ಸಾಂಬ್ರಾಣಿ ಹೊಗೆ, ಸೌದೆ ಒಲೆಯ ಹೊಗೆ, ಬೀಡಿ ಸಿಗರೇಟು ಯಾವುದೂ ಮಗುವಿನ ಹತ್ತಿರ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ನೆಕ್ಕಿಸಲೇಬಾರದು. ಬಜೆ, ಗುಟ್ಟಿ, ಮೂಗಿಗೆ ಕಿವಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ ಇವನ್ನೂ ಬಿಡಿ. ಅಜ್ಜಿಯರು ಪ್ರೀತಿಯಿಂದಲೇ ಮಾಡುವುದು. ಹಾಗಾಗಿ ಡಿಸ್ಚಾರ್ಜ್ ದಿನ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಿಸಿ. ನಮ್ಮಮ್ಮ ಅವತ್ತಿನಿಂದ ಬಜೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು.

ಅಪಾಯದ ಗುರುತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ: ಹಾಲು ಬಿಡುವುದು, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು, ಉಸಿರಾಡುವಾಗ ಪಕ್ಕೆ ಒಳಗೆ ಹೋಗುವುದು, ಮೈ ಬಿಸಿ ಅಥವಾ ತಣ್ಣಗಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಅಂಗೈ ಅಂಗಾಲು ಹಳದಿಯಾಗುವುದು. ಒಂದು ಕಂಡರೂ 108.

ಅಪಾಯಿಂಟ್‌ಮೆಂಟ್ ನೆನಪಿಸಿ ಕರೆದುಕೊಂಡು ಹೋಗುವುದೂ ಒಬ್ಬರು ಹಿಡಿಯಬಹುದಾದ ಕೆಲಸ. ಅದರಲ್ಲಿ ಕಣ್ಣಿನ ಪರೀಕ್ಷೆ ತಪ್ಪಲೇಬಾರದು. 34 ವಾರಕ್ಕೆ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ಹುಟ್ಟಿದ ಮಗುವಿಗೆ ಆರ್‌ಒಪಿ ಅನ್ನುವ ತೊಂದರೆ ಬರಬಹುದು, ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ತಪ್ಪಾಗಿ ಬೆಳೆದು ದೃಷ್ಟಿಯೇ ಹೋಗುವುದು. ಹೊರಗಿನಿಂದ ಏನೂ ಕಾಣುವುದಿಲ್ಲ. ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು, ತೀರಾ ಚಿಕ್ಕ ಮಗುವಿಗೆ ಇನ್ನೂ ಬೇಗ. ಆಸ್ಪತ್ರೆಯವರು ಹೇಳದಿದ್ದರೆ ನೀವೇ ಕೇಳಿ. ಹಳ್ಳಿ ಕಡೆಯ ಮಕ್ಕಳಿಗಾಗಿ 2008ರಿಂದ ಕಿಡ್‌ರಾಪ್ ಅನ್ನುವ ಕಾರ್ಯಕ್ರಮದಲ್ಲಿ ಕ್ಯಾಮೆರಾವನ್ನು ಜಿಲ್ಲೆಗಳ ಎನ್‌ಐಸಿಯುಗಳಿಗೇ ಒಯ್ದು ಪರೀಕ್ಷೆ ಮಾಡುತ್ತಿದ್ದಾರೆ. ಕಿವಿಯ ಪರೀಕ್ಷೆಯೂ ಆಗಲಿ, ತೊಂದರೆ ಕಂಡರೆ ಮೈಸೂರಿನಲ್ಲಿ ಆಯಿಷ್ ಅನ್ನುವ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

"ಆರು ತಿಂಗಳಾಯ್ತು, ಇನ್ನೂ ಮಗುಚಿಕೊಂಡಿಲ್ವಾ?" ಅಂತ ಕೇಳುವ ಮುಂಚೆ ಲೆಕ್ಕ ಹಾಕಿ. ನಮ್ಮ ಪಾಪು 11 ವಾರ ಮುಂಚೆ ಹುಟ್ಟಿದ್ದು, ಆರು ತಿಂಗಳಾದಾಗ ಬೆಳವಣಿಗೆಯಲ್ಲಿ ಅದನ್ನು ಮೂರೂವರೆ ತಿಂಗಳ ಮಗು ಅಂತಲೇ ನೋಡಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕ.

ಚಿಕಿತ್ಸೆ ವರ್ಷಗಟ್ಟಲೆ ಸಾಗುವಾಗ

ಎಲ್ಲ ಮಕ್ಕಳೂ 52 ದಿನಕ್ಕೆ ಮುಗಿಸಿ ಬರುವುದಿಲ್ಲ. ಟ್ಯೂಬಿನಲ್ಲೇ ಊಟ, ಮನೆಯಲ್ಲೇ ಆಕ್ಸಿಜನ್, ಮೇಲಿಂದ ಮೇಲೆ ಆಪರೇಷನ್ ಇರುವ ಮಕ್ಕಳಿದ್ದಾರೆ. ಆ ಅಪ್ಪ ಅಮ್ಮನಿಗೆ ಕೊಡಬಹುದಾದ ದೊಡ್ಡ ಸಹಾಯ ಅಂದರೆ ಅವರಿಂದ ಆ ಕೆಲಸ ಕಲಿತು ವಾರಕ್ಕೆ ಮೂರು ಗಂಟೆ ಮಗುವನ್ನು ನೋಡಿಕೊಳ್ಳುವುದು. ಟ್ಯೂಬಿನಲ್ಲಿ ಹಾಲು ಹಾಕುವುದನ್ನು ಸಿಸ್ಟರ್ ಅಪ್ಪ ಅಮ್ಮನಿಗೆ ಕಲಿಸುವ ದಿನ ನೀವೂ ನಿಂತು ಕಲಿಯಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ತೊಂದರೆಗಳಿಗೆ, ಬೆಳವಣಿಗೆ ತಡವಾದರೆ, ಉಚಿತ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ತೊಂದರೆ ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ) ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಪರೂಪದ ಕಾಯಿಲೆ ಅಂತ ಗೊತ್ತಾದರೆ ರಾಷ್ಟ್ರೀಯ ನೀತಿಯ ಪ್ರಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವು ಸಿಗುವ ದಾರಿ ಇದೆ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಕೇಂದ್ರ ಆಗಿದೆ.

ಮಗು ಉಳಿಯದಿದ್ದರೆ

ನಮ್ಮ ಪಾಪು ಮನೆಗೆ ಬಂದಳು. ಪಕ್ಕದ ಪೆಟ್ಟಿಗೆಯ ಮಗು ಬರಲಿಲ್ಲ. ಯೋಜನೆಯ ವಿಷಯ ಹೇಳಿದ ಆ ಅಜ್ಜನ ಮೊಮ್ಮಗು ಅದು. ಇದನ್ನು ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ.

ಆಗ ಆಸ್ಪತ್ರೆಯ ಕಾಗದ, ಬಿಲ್ಲು, ವಾಹನ, ಜನನ ಮತ್ತು ಮರಣ ಎರಡರ ನೋಂದಣಿ, ಇವನ್ನೆಲ್ಲ ಹತ್ತಿರದವರು ತೆಗೆದುಕೊಂಡುಬಿಡಿ. ತಾಯಿಗೆ ತೋರಿಸಬೇಡಿ ಅಂತ ಬಹಳ ಜನ ಹೇಳುತ್ತಾರೆ. ಅವಳನ್ನು ಕೇಳಿ. ಎತ್ತಿಕೊಳ್ಳಬೇಕು ಅಂದರೆ ಎತ್ತಿಕೊಳ್ಳಲಿ, ಎಷ್ಟು ಹೊತ್ತು ಬೇಕೋ ಅಷ್ಟು. ಅವಳ ಎದೆಯಲ್ಲಿ ಹಾಲು ಇನ್ನೂ ಬರುತ್ತಿರುತ್ತದೆ, ಅದು ಯಾರಿಗೂ ನೆನಪಿರುವುದಿಲ್ಲ. ಗಟ್ಟಿಯಾಗಿ ಬಟ್ಟೆ ಬಿಗಿದು ಕಟ್ಟಬೇಡಿ, ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳಿ ಬನ್ನಿ. ಮನೆಯಲ್ಲಿ ಕೊಂಡಿಟ್ಟ ಬಟ್ಟೆ, ಟೋಪಿಯನ್ನು ಅವಳು ಬರುವ ಮುಂಚೆ ಮಾಯ ಮಾಡಬೇಡಿ, ಇಡಬೇಕೋ ಕೊಡಬೇಕೋ ಅವಳೇ ಹೇಳಲಿ. "ಇನ್ನೊಂದು ಆಗುತ್ತೆ ಬಿಡು" ಅನ್ನಬೇಡಿ. ತಿಂಗಳಾದ ಮೇಲೂ ಫೋನ್ ಮಾಡಿ, ಮಗು ಹುಟ್ಟಿದ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಮುಂದಿನ ವರ್ಷ ಆ ದಿನ ಹೋಗಿ ಬನ್ನಿ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಹಿಡಿದೇ ಮಾತಾಡಿ.